ಹರಿಗೋಲಿನ ಮೂರು ಗಂಟು

“ಗುರುಗಳೇ, ಬಿಟ್ಟಿಯಾಗಿ ಕೊಟ್ಟ ವಸ್ತುವನ್ನು ಎಷ್ಟು ವರ್ಷ ರಿಪೇರಿ ಮಾಡಿಕೊಡಬೇಕು?” ಎಂದು ಗವಿಸಿದ್ಧ ಕೇಳಿದ.

ಅವನು ಗೆಳೆಯರೊಡನೆ ಸೇರಿ ಒಂದು ಮುಕ್ತ ತಂತ್ರಾಂಶ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಹಂಚಿದ್ದ. ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತಿತ್ತು. ಆದರೆ ಹಳೆಯವನ್ನು ಜನ ಬಿಟ್ಟಿರಲಿಲ್ಲ. ಒಂದು ಆಸ್ಪತ್ರೆಯಂತೂ ಆರು ವರ್ಷದ ಹಿಂದಿನದನ್ನೇ ನಂಬಿ ರೋಗಿಗಳಿಗೆ ಔಷಧಿ ಕೊಡುತ್ತಿತ್ತು. ದೋಷ ಕಂಡಾಗಲೆಲ್ಲ ಅವರು ಇವನಿಗೆ ಬರೆಯುತ್ತಿದ್ದರು. ಇಲ್ಲವೆನ್ನಲು ಇವನಿಗೆ ಬಾಯಿ ಬರುತ್ತಿರಲಿಲ್ಲ. ಪರೀಕ್ಷಿಸಲು ಪುರುಸೊತ್ತಿಲ್ಲದೆ ನಿನ್ನೆಯೂ ಆ ಆಸ್ಪತ್ರೆಗೆ ಸುಮ್ಮನೆ ತೇಪೆ ಹಾಕಿ ಕಳಿಸಿದೆ ಎಂದು ಒಪ್ಪಿಕೊಂಡ.

ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ನಿನಗಾಗಿಯೇ ಹುಟ್ಟಿದ್ದು ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಹೊಳೆಯ ದಡದಲ್ಲಿ ಹರಿಗೋಲು ಹೆಣೆಯುವವನೊಬ್ಬನಿದ್ದ. ಅವನ ತಂದೆ ಹೊಳೆ ದಾಟುವಾಗ ಮುಳುಗಿ ಸತ್ತಿದ್ದ. ಇನ್ನೊಬ್ಬರು ಹಾಗೆ ಸಾಯಬಾರದೆಂದು ಅವನು ಕೇಳಿದವರಿಗೆಲ್ಲ ಹರಿಗೋಲು ಹೆಣೆದು ಕೊಡುತ್ತಿದ್ದ, ಕಾಸು ಮುಟ್ಟುತ್ತಿರಲಿಲ್ಲ. ಬೇಸಿಗೆಯಲ್ಲಿ ಜನ ಅವನ್ನು ತಲೆಯ ಮೇಲೆ ಬೋರಲು ಹೊತ್ತು ತರುತ್ತಿದ್ದರು. ಅವನು ಕೊಳೆತ ಬಿದಿರು ತೆಗೆದು, ಹೊಸದು ಹೆಣೆದು, ಮೇಲೆ ಡಾಂಬರು ಬಳಿಯುತ್ತಿದ್ದ.

ವರ್ಷ ಕಳೆದಂತೆ ಅವನ ಕೈ ಪಳಗಿತು. ಹೊಸ ಹರಿಗೋಲು ಹಳೆಯದಕ್ಕಿಂತ ಗಟ್ಟಿಯಾಯಿತು. ಆದರೂ ಬೇಸಿಗೆ ಬಂತೆಂದರೆ ಅಂಗಳದ ತುಂಬ ಹಳೆಯವೇ. ಒಲ್ಲೆನೆಂದರೆ ಜನ ನೊಂದುಕೊಂಡಾರು ಎಂದು ಅವನಿಗೆ ಅಳುಕು. ಬಿದಿರು ಬಿಚ್ಚಿ ನೋಡುವುದನ್ನು ಬಿಟ್ಟು, ಬರೀ ಡಾಂಬರು ಬಳಿದು ಕೊಡತೊಡಗಿದ.

ಒಬ್ಬ ಅಂಬಿಗಿತ್ತಿ ಹಳೆಯ ಹರಿಗೋಲು ತಂದಳು. ಈ ಸಲದ ನೆರೆಗೆ ತಡೆಯುತ್ತದೆಯೇ ಎಂದು ಕೇಳಿದಳು. ಅವನು ನೋಡೋಣ ಎಂದು ಡಾಂಬರು ಬಳಿದು ಕೊಟ್ಟ. ಹೊಳೆಯುವ ಡಾಂಬರು ನೋಡಿ ಅವಳು ಧೈರ್ಯ ತಂದುಕೊಂಡಳು. ಮೊದಲ ನೆರೆಗೇ ನಡುಹೊಳೆಯಲ್ಲಿ ತಳ ಕಿತ್ತುಹೋಯಿತು. ಅವಳು ಈಜಿ ದಡ ಸೇರಿದಳು. ಜೊತೆಗಿದ್ದ ಮುದುಕ ಸೇರಲಿಲ್ಲ.

ಅವಳು ಒದ್ದೆ ಸೀರೆಯಲ್ಲೇ ಬಂದು ಅವನ ಮುಂದೆ ನಿಂತಳು.

“ಆಗೂದಿಲ್ಲ ಅಂದಿದ್ರ ನನಗ ಸಿಟ್ಟು ಬರ್ತಿತ್ತು, ಅಷ್ಟ ಅಲ್ಲೇನಪ್ಪ? ಬ್ಯಾರೆ ಹರಿಗೋಲು ನೋಡ್ಕೊಂತಿದ್ದೆ. ನಿನ್ನ ಡಾಂಬರು ನಂಬಿ ಹೊಳಿಗೆ ಇಳದೆ.”

ಅಂದಿನಿಂದ ಅವನು ಕೊಟ್ಟ ಪ್ರತಿ ಹರಿಗೋಲಿನ ಅಂಚಿಗೂ ಮೂರು ಗಂಟಿನ ಹಗ್ಗ ಕಟ್ಟಿ, ಗಂಟು ಮುಗಿದ ಮೇಲೆ ರಿಪೇರಿ ಇಲ್ಲವೆಂದು ಮೊದಲೇ ಹೇಳಿದ. ಮೂರು ಮಳೆಗಾಲದವರೆಗೆ ಸರಿಯಾಗಿ ಬಿಚ್ಚಿ ನೋಡಿ ರಿಪೇರಿ ಮಾಡಲು ತನ್ನ ಕೈ ಸಾಲುತ್ತದೆಂದು ಅವನು ಲೆಕ್ಕ ಹಾಕಿದ್ದ. ಪ್ರತಿ ಬೇಸಿಗೆ ಒಂದು ಗಂಟು ಬಿಚ್ಚುತ್ತಿದ್ದ. ಗಂಟು ಮುಗಿದದ್ದಕ್ಕೆ ಡಾಂಬರು ತಾಕಿಸುತ್ತಿರಲಿಲ್ಲ. ಜನ ಕಲ್ಲೆದೆಯವನೆಂದು ಬೈದರು. ಆದರೆ ಕೊನೆಯ ಗಂಟು ಉಳಿದಾಗ ತಾವಾಗಿಯೇ ಬಂದು ಹೊಸದಕ್ಕೆ ಹೇಳಿಹೋಗುತ್ತಿದ್ದರು. ಅವನು ಕೊಟ್ಟ ಹರಿಗೋಲಿನಲ್ಲಿ ಮತ್ತೆ ಯಾರೂ ಮುಳುಗಲಿಲ್ಲ.

ಗವಿಸಿದ್ಧನ ಮುಖ ಅರಳಿತು. “ಹಾಗಾದರೆ ನಾನೂ ಮೂರು ವರ್ಷವೆಂದು ಈಗಲೇ ಹೇಳಿಬಿಡಲೇ?”

“ಗಂಟು ಆಮೇಲೆ ಕಟ್ಟುವೆಯಂತೆ,” ಎಂದರು ಗುರುಗಳು, “ನಿನ್ನೆ ನೀನು ಡಾಂಬರು ಬಳಿದು ಕಳಿಸಿದ ಆಸ್ಪತ್ರೆ ಈಗ ನಡುಹೊಳೆಯಲ್ಲಿದೆ.”