ಷಡಕ್ಷರಿ ಮೇಜು ಸಿಂಗರಿಸಿದ್ದು

"೧೯೭೮ನೇ ಇಸವಿ ಮಾರ್ಚ್ ೪, ಶನಿವಾರ. ಸಂಜೆ ನಾಲ್ಕಕ್ಕೆ ಮಹಿಳಾ ಸಮಾಜದವರಿಗೆ ಮನೆಯಲ್ಲಿ ಚಹಾ. ಮೇಜಿಗೆ ಹಸಿರು ಬಟ್ಟೆ, ನಡುವೆ ಬಿಳಿ ಸುಗಂಧರಾಜ. ಹಾಲಮ್ಮನವರು ಶೈಲಜೆಯನ್ನು ನೋಡಲಿದ್ದಾರೆ. ವರದಕ್ಷಿಣೆ ಎಂದು ಈ ಮನೆಯಿಂದ ಒಂದು ಚಮಚವೂ ಹೋಗತಕ್ಕದ್ದಲ್ಲ."

ದಾವಣಗೆರೆಯ ಸರ್ವಮಂಗಳಮ್ಮನವರ ಡೈರಿಯಲ್ಲಿ ಆ ದಿನ ಬರೆದಿರುವುದು ಇಷ್ಟು. ಸರ್ವಮಂಗಳಮ್ಮ ಅಂದರೆ ಸಾಮಾನ್ಯರಲ್ಲ. ಮೈಸೂರಿನಲ್ಲಿ ಕಾಲೇಜು ಓದಿದವರು. ಬೀದಿಗೆಲ್ಲ ಮೊದಲು ಊಟದ ಮೇಜು ಮಾಡಿಸಿದವರು. ತೇಗದ್ದು, ಡ್ರಾಯರ್ ಇರುವಂಥದ್ದು. ಡೈರಿ ಇರುತ್ತಿದ್ದುದೂ ಆ ಡ್ರಾಯರಿನಲ್ಲೇ. ಯಾವ ಬಣ್ಣದ ಬಟ್ಟೆಗೆ ಯಾವ ಹೂ, ತಟ್ಟೆಯ ಯಾವ ಕಡೆಗೆ ಚಮಚ, ಎಲ್ಲ ಅವರಿಗೆ ಗೊತ್ತು. ಗೊತ್ತಾಗದ್ದು ಒಂದೇ: ತಮ್ಮ ಹೊಟ್ಟೆಯಲ್ಲಿ ಷಡಕ್ಷರಿ ಹೇಗೆ ಹುಟ್ಟಿದ ಅನ್ನುವುದು.

ಷಡಕ್ಷರಿಗೆ ಇಪ್ಪತ್ತನಾಲ್ಕು ವರ್ಷ. ಅಕ್ಕಿ ಚೀಲವನ್ನು ದಿಂಬಿನ ಹಾಗೆ ಎತ್ತುತ್ತಿದ್ದ. ಅವನಲ್ಲಿ ಒಂದು ಒಳ್ಳೆಯ ಗುಣವಿತ್ತು. ಅಮ್ಮ ಹೇಳಿದ್ದನ್ನು ಮೀರುತ್ತಿರಲಿಲ್ಲ.

ಹಾಲಮ್ಮನವರು ಸಮಾಜದ ಕಾರ್ಯದರ್ಶಿ. ಅವರ ಅಕ್ಕನ ಮಗ ಹರಿಹರದಲ್ಲಿ ಮೇಷ್ಟ್ರು. ಅವನನ್ನು ಯಾರದೋ ಮದುವೆಯಲ್ಲಿ ನೋಡಿದ ಷಡಕ್ಷರಿಯ ತಂಗಿ ಶೈಲಜೆ, ಮದುವೆಯಾದರೆ ಇವನನ್ನೇ ಎಂದು ಕೂತಿದ್ದಳು. ಹಾಲಮ್ಮ ಹೂಂ ಅಂದರೆ ಅಕ್ಕ ಬರುತ್ತಾಳೆ. ಹಾಲಮ್ಮ ಊಹೂಂ ಅಂದರೆ ಅಲ್ಲಿಗೆ ಮುಗಿಯಿತು.

"ಷಡಕ್ಷರಿ, ನಾನು ಅಡಿಗೆಮನೇಲಿ ಇರ್ತೀನಿ. ಮೇಜು ನಿನ್ನದು" ಅಂದರು ಸರ್ವಮಂಗಳಮ್ಮ. "ಬಟ್ಟೆ ಹಸಿರು. ಅದಕ್ಕೆ ಹೊಂದದೇ ಇರೋದು ಒಂದೂ ಒಳಗೆ ಬರಬಾರದು. ಕಿವಿಗೆ ಬಿತ್ತಾ?"

"ಬಿತ್ತಮ್ಮ."

ನಾಲ್ಕು ಹೊಡೆಯಿತು. ನಾಲ್ಕೂವರೆ ಆಯಿತು. ಸರ್ವಮಂಗಳಮ್ಮ ಬಂದು ನೋಡಿದರೆ, ಮೇಜಿನ ಮುಂದೆ ಹಸಿರು ಸೀರೆಯ ಒಬ್ಬ ಮುದುಕಿ ಒಬ್ಬರೇ ಕೂತು ಬಿಸ್ಕತ್ತು ತಿನ್ನುತ್ತಿದ್ದರು.

"ಉಳಿದೋರೆಲ್ಲ ಎಲ್ಲೋ?"

"ವಾಪಸ್ ಕಳಿಸಿದೆನಮ್ಮ. ಒಬ್ಬರು ನೀಲಿ, ಇಬ್ಬರು ಹಳದಿ. ಹಾಲಮ್ಮನವರದಂತೂ ಕಡುಗೆಂಪು! ಒಂದೂ ಹೊಂದಲಿಲ್ಲ."

"ಅಯ್ಯೋ ನಿನ್ನ! ಬಂದೋರನ್ನ ಬಾಗಿಲಿಂದ ಅಟ್ತಾರೇನೋ? ಯಾವ ಬಣ್ಣದಲ್ಲೇ ಬರಲಿ, ಯಾರೇ ಬರಲಿ, ಬನ್ನಿ ಬನ್ನಿ ಅಂತ ಕೈಹಿಡಿದು ಕರಕೊಂಡು ಬಂದು ಮೇಜಿನ ಹತ್ತಿರ ಬಿಡಬೇಕು. ಕಿವಿಗೆ ಬಿತ್ತಾ?"

"ಬಿತ್ತಮ್ಮ."

ಸರ್ವಮಂಗಳಮ್ಮ ಹಾಲಮ್ಮನವರ ಮನೆಗೆ ಹೋಗಿ ಎರಡು ಗಂಟೆ ಕೂತು ಬಂದರು. ಮುಂದಿನ ಶನಿವಾರ ಶೈಲಜೆಯ ಹುಟ್ಟಿದ ದಿನ. ಹಾಲಮ್ಮ ಬರಲೊಪ್ಪಿದರು. "ಈ ಸಲ ಯಾವ ಬಣ್ಣ ಅಂತ ಮೊದಲೇ ಹೇಳಿಬಿಡ್ರಿ" ಅಂದರು, ಅಷ್ಟೇ.

ಈ ಸಲ ಹಳದಿ ಬಟ್ಟೆ, ಕೇಸರಿ ಚೆಂಡುಹೂ, ಮೇಲೆ ಬಣ್ಣದ ಕಾಗದದ ತೋರಣ. ಷಡಕ್ಷರಿ ಬಾಗಿಲಲ್ಲಿ ನಿಂತ. ನೀಲಿ ಬಂತು, ಒಳಗೆ ಬಿಟ್ಟ. ಕೆಂಪು ಬಂತು, ಒಳಗೆ ಬಿಟ್ಟ. ಆಮೇಲೆ ಎಲ್ಲ ಬಣ್ಣವೂ ಒಟ್ಟಿಗೇ ಬಂತು. ಬೆನ್ನ ಮೇಲೆ ಚಿತ್ತಾರದ ಕೌದಿ, ಕೋಡಿಗೆ ಗೊಂಡೆ, ಕೊರಳಿಗೆ ಗೆಜ್ಜೆ. ಕೋಲೆ ಬಸವ.

"ಬನ್ನಿ ಬನ್ನಿ" ಅಂದ ಷಡಕ್ಷರಿ.

"ಒಳಗಾ? ಇಲ್ಲೇ ಒಂದು ಮೊರ ಜೋಳ ಹಾಕಿಸ್ರೀ ಸ್ವಾಮಿ, ಸಾಕು" ಅಂದ ಬಸವನ ಯಜಮಾನ.

"ಬಂದೋರನ್ನ ಬಾಗಿಲಿಂದ ಅಟ್ಟಬಾರದು" ಅಂದು ಷಡಕ್ಷರಿ ಬಸವನ ಹಗ್ಗ ಹಿಡಿದ. ಹಿಡಿಯೋದಕ್ಕೆ ಅದಕ್ಕೆ ಕೈ ಎಲ್ಲಿದೆ?

ಬಸವ ಬಂದು ಹಾಲಮ್ಮನವರ ಪಕ್ಕದಲ್ಲಿ ನಿಂತಿತು. ಮೊದಲು ಚೆಂಡುಹೂ ತಿಂದಿತು. ಆಮೇಲೆ ಕಾಗದದ ತೋರಣ. ಆಮೇಲೆ ಕೇಕು. ಮನೆತನಸ್ಥ ಲಿಂಗವಂತರು, ಬಸವನನ್ನು ಹೊಡೆದು ಅಟ್ಟುವ ಹಾಗಿಲ್ಲ. ಎಲ್ಲರೂ ಎದ್ದು ನಿಂತು ಕೈಮುಗಿದರು. ಹಾಲಮ್ಮನವರೂ ಮುಗಿದರು.

"ಅದು ಹೂ ತಿಂದು ಮುಗಿಸೋವರೆಗೆ ನೋಡ್ತಾ ನಿಂತಿದ್ದೆಯಲ್ಲೋ!" ಅಂದರು ಸರ್ವಮಂಗಳಮ್ಮ, ಎಲ್ಲರೂ ಹೋದ ಮೇಲೆ.

"ಕೇಕು ಸಾಲಲಿಲ್ಲ ಅನಿಸುತ್ತೆ ಅಮ್ಮ."

"ಬಾಯಿ ಮುಚ್ಚು! ಮೇಜಿನ ಮೇಲೆ ಸಿಂಗಾರ ಮಾಡೋದು ನೋಡೋದಕ್ಕೆ, ತಿನ್ನೋದಕ್ಕಲ್ಲ. ಮೇಜಿನ ಮೇಲಿರೋದಕ್ಕೆ ಯಾರಾದರೂ ಬಾಯಿ ಹಾಕಿದರೆ, ನೋಡಿ ಸಾಕು ಅಂತ ತಡೀಬೇಕು. ಕಿವಿಗೆ ಬಿತ್ತಾ?"

"ಬಿತ್ತಮ್ಮ."

ಯುಗಾದಿಯ ಮಾರನೆಯ ದಿನ ಹಾಲಮ್ಮನವರನ್ನು ಒಬ್ಬರನ್ನೇ ಊಟಕ್ಕೆ ಕರೆದರು. ಬಿಳಿ ಬಟ್ಟೆ, ಕೆಂಪು ಗುಲಾಬಿ. ಹೋಳಿಗೆ, ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ. ಎಲ್ಲ ಇಟ್ಟು, ತುಪ್ಪ ಬಿಸಿ ಮಾಡಲು ಸರ್ವಮಂಗಳಮ್ಮ ಒಳಗೆ ಹೋದರು. ಹಾಲಮ್ಮ ಹೋಳಿಗೆ ಮುರಿದರು.

"ಊಹೂಂ" ಅಂದ ಷಡಕ್ಷರಿ. "ನೋಡಿ ಸಾಕು."

"ಏನಪ್ಪಾ?"

"ಅದು ನೋಡೋದಕ್ಕೆ ಚಿಕ್ಕಮ್ಮ."

"ಕೋಸಂಬರಿನಾದರೂ ತಿನ್ನಬಹುದಾ?"

"ಅದೂ ನೋಡೋದಕ್ಕೆ."

ಹಾಲಮ್ಮ ಸ್ವಲ್ಪ ಹೊತ್ತು ನೋಡಿದರು. "ಚೆನ್ನಾಗಿದೆ" ಅಂದರು. ಕೈ ತೊಳೆದು ಹೊರಟರು. ತುಪ್ಪ ಬಂದಾಗ ಅವರು ಬೀದಿಯ ತಿರುವಿನಲ್ಲಿದ್ದರು.

ಶೈಲಜೆ ಗೋಡೆಗೆ ಮುಖ ಮಾಡಿ ಮಲಗಿದಳು. "ಅಣ್ಣನ್ನ ಎಲ್ಲಾದರೂ ಕಳಿಸಿಬಿಡಮ್ಮ" ಅಂದಳು.

"ಎಲ್ಲಿಗೆ ಹೋಗು ಅಂದರೂ ಹೋಗ್ತಾನೆ. ವಾಪಸ್ ಬಾ ಅನ್ನೋದು ಮರೆತರೆ ಅಲ್ಲೇ ಇರ್ತಾನೆ" ಅಂದರು ಸರ್ವಮಂಗಳಮ್ಮ. ಆಮೇಲೆ ಮಗನ ಕಡೆಗೆ ತಿರುಗಿದರು. "ನೋಡೋ, ಬಂದೋರು ಸಂಕೋಚಕ್ಕೆ ಬೇಡ ಬೇಡ ಅಂತಾರೆ. ನಾವು ಬಿಡಬಾರದು. ಚೆನ್ನಾಗಿದೆ ಅಂದರೆ ಸಾಕು, ತಗೊಳ್ಳಿ ಅಂತ ಬಲವಂತ ಮಾಡಬೇಕು. ಉಳಿದಿದ್ದನ್ನ ಕಟ್ಟಿ ಗಾಡಿಗೇ ಇಟ್ಟು ಬರಬೇಕು. ಕಿವಿಗೆ ಬಿತ್ತಾ?"

"ಬಿತ್ತಮ್ಮ."

ಹಾಲಮ್ಮನವರ ಮನಸ್ಸಿನಲ್ಲಿ ಏನಿತ್ತೋ, ಏಪ್ರಿಲ್ ೨೩ರ ಭಾನುವಾರ ಅಕ್ಕ ಕೊಟ್ರಮ್ಮನವರನ್ನೂ ಭಾವನನ್ನೂ ಹುಡುಗನನ್ನೂ ಮೆಟಡಾರ್ ವ್ಯಾನಿನಲ್ಲಿ ಕರೆದುಕೊಂಡೇ ಬಂದರು. ಅಂದು ಸರ್ವಮಂಗಳಮ್ಮ ಪೆಟ್ಟಿಗೆಯಿಂದ ತೆಗೆದದ್ದು ಕಾಲೇಜಿನಲ್ಲಿ ತಾವೇ ಕಸೂತಿ ಹಾಕಿ ಬಹುಮಾನ ತೆಗೆದುಕೊಂಡಿದ್ದ ಕೆನೆ ಬಣ್ಣದ ಬಟ್ಟೆ. ಅದರ ಮೇಲೆ ನೇರಳೆ ಬಣ್ಣದ ಹೂ. ಜರ್ಮನ್ ಸಿಲ್ವರಿನ ಹನ್ನೆರಡು ಚಮಚ.

ಎಲ್ಲರೂ ತಿಂದರು, ಕುಡಿದರು. ಯಾರನ್ನೂ ಯಾರೂ ತಡೆಯಲಿಲ್ಲ. ಬಸವ ಬರಲಿಲ್ಲ. ಶೈಲಜೆ ಬಂದು ಕೂತಳು, ಹುಡುಗ ನೋಡಿದ, ಹಾಲಮ್ಮ ಹೂಂ ಅಂದರು.

"ವರದಕ್ಷಿಣೆ ಮಾತ್ರ ನಮ್ಮಲ್ಲಿ ಇಲ್ಲ. ಒಂದು ಚಮಚವೂ ಇಲ್ಲ" ಅಂದರು ಸರ್ವಮಂಗಳಮ್ಮ, ಬೆನ್ನು ನೆಟ್ಟಗೆ ಮಾಡಿ.

"ನಾವೇನು ಕೇಳಿದೆವಾ?" ಅಂದರು ಕೊಟ್ರಮ್ಮ. ಏಳುವಾಗ ಮೇಜಿನ ಮೇಲೆ ಕೈಯಾಡಿಸಿ ಅಂದರು: "ಮೇಜು ಮಾತ್ರ ಭಾಳ ಚೆನ್ನಾಗಿದೆ."

ಹೆಂಗಸರೆಲ್ಲ ಅರಿಸಿನ ಕುಂಕುಮಕ್ಕೆ ದೇವರ ಕೋಣೆಗೆ ಹೋದರು. ಷಡಕ್ಷರಿ ವ್ಯಾನಿನ ಹತ್ತಿರ ನಿಂತಿದ್ದ ಹುಡುಗನ ಬಳಿಗೆ ಹೋದ.

"ಮೇಜು ತಗೊಳ್ಳಿ."

"ಅಯ್ಯೋ, ಬೇಡ ಬೇಡ!"

"ಹಾಗಂತೀರಿ ಅಂತ ಅಮ್ಮ ಮೊದಲೇ ಹೇಳಿದ್ದಾರೆ" ಅಂದ ಷಡಕ್ಷರಿ.

ಜಗಲಿಯ ಮೇಲೆ ಷಡಕ್ಷರಿಯ ತಂದೆ ಬೀಗರ ಜೊತೆ ಹತ್ತಿಯ ಧಾರಣೆ ಮಾತಾಡುತ್ತಿದ್ದರು. ಮಗನ ತಲೆಯ ಮೇಲೆ ಮೇಜು ಬಂತು. ಹೆಂಡತಿಯ ಅಪ್ಪಣೆ ಇರಬೇಕು ಎಂದುಕೊಂಡು ಅವರು ಕಾಲು ಮಡಿಸಿ ದಾರಿ ಬಿಟ್ಟರು. ಆಮೇಲೆ ಕುರ್ಚಿಗಳು ಬಂದವು. ಆಗಲೂ ಮಡಿಸಿದರು.

ಸರ್ವಮಂಗಳಮ್ಮ ಹೊರಗೆ ಬಂದಾಗ ವ್ಯಾನು ಹೊರಟಿತ್ತು. ಅದರ ಮೇಲೆ ಅವರ ಮೇಜು ನಾಲ್ಕೂ ಕಾಲು ಮೇಲೆ ಮಾಡಿಕೊಂಡು ಕೂತಿತ್ತು. ಕೊಟ್ರಮ್ಮ ಕಿಟಕಿಯಿಂದ ಕೈ ಬೀಸಿದರು. ಸರ್ವಮಂಗಳಮ್ಮನವರೂ ಬೀಸಿದರು. ಬೀಸದೆ ಏನು ಮಾಡುವುದು? ಕೂಗಿ ಕರೆದರೆ ಮಗಳ ಸಂಬಂಧ ಹೋಗುತ್ತದೆ, ಸುಮ್ಮನಿದ್ದರೆ ಆಡಿದ ಮಾತು ಹೋಗುತ್ತದೆ.

"ಮೇಜಿನ ಮೇಲೆ ಒಂದೂ ಉಳಿಯಲಿಲ್ಲಮ್ಮ" ಅಂದ ಷಡಕ್ಷರಿ. "ಮೇಜೂ ಉಳಿಯಲಿಲ್ಲ."

ಮೂರನೆಯ ದಿನ ಹಾಲಮ್ಮ ಡೈರಿಯನ್ನು ತಂದುಕೊಟ್ಟರು. ಡ್ರಾಯರಿನಲ್ಲಿ ಹೋಗಿತ್ತಲ್ಲ. ಮಾರ್ಚ್ ೪ರ ಪುಟದಲ್ಲಿ, ಒಂದು ಚಮಚವೂ ಹೋಗತಕ್ಕದ್ದಲ್ಲ ಎಂಬ ಸಾಲಿನ ಕೆಳಗೆ, ಕೊಟ್ರಮ್ಮನವರು ದುಂಡು ಅಕ್ಷರದಲ್ಲಿ ಬರೆದಿದ್ದರು: "ಹನ್ನೆರಡು ಬಂದಿವೆ. ಹುಡುಗಿ ಒಪ್ಪಿಗೆ."

ಜೂನ್ ತಿಂಗಳಲ್ಲಿ ಮದುವೆಯಾಯಿತು. ಅಂದಿನ ಪುಟದಲ್ಲಿ ಸರ್ವಮಂಗಳಮ್ಮ ಹೋದದ್ದನ್ನೆಲ್ಲ ಬರೆದಿಟ್ಟಿದ್ದಾರೆ. ತೇಗದ ಮೇಜು ಒಂದು. ಕುರ್ಚಿ ನಾಲ್ಕು, ಉಳಿದೆರಡು ವ್ಯಾನಿನಲ್ಲಿ ಹಿಡಿಸಲಿಲ್ಲ. ಕಸೂತಿ ಬಟ್ಟೆ ಒಂದು. ಚಮಚ ಹನ್ನೆರಡು. ಮಾತು ಒಂದು.