ಖಾನಾವಳಿಯವಳ ಅರ್ಧ

"ಗುರುಗಳೇ, ಕೂಡಿ ಕೊಂಡ ಆಸ್ತಿಯಲ್ಲಿ ಇನ್ನೊಬ್ಬರ ಪಾಲನ್ನು ಬಿಡಿಸಿಕೊಳ್ಳಲು ಎಷ್ಟು ಕೊಟ್ಟರೆ ನ್ಯಾಯ?" ಎಂದು ಶಿಷ್ಯನೊಬ್ಬ ಕೇಳಿದ. ಪೇಟೆಯಲ್ಲಿ ಅವನಿಗೂ ಅವನ ವಿಧವೆ ಅತ್ತಿಗೆಗೂ ಸೇರಿದ ಜಾಗವೊಂದಿತ್ತು. ಅವಳ ಪಾಲಿಗೆ ಒಂದು ಬೆಲೆಯನ್ನು ಅವನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದ.

ಗುರು ಒಂದು ಕತೆ ಹೇಳಿದರು.

ಒಬ್ಬ ವರ್ತಕನೂ ಖಾನಾವಳಿ ನಡೆಸುವ ಒಬ್ಬ ಹೆಂಗಸೂ ಕೂಡಿ ಪೇಟೆಬೀದಿಯ ಮಳಿಗೆಗಳ ಸಾಲೊಂದನ್ನು ಕೊಂಡರು. ಅರ್ಧ ಅವನದು, ಅರ್ಧ ಅವಳದು. ಊರ ಹಿರಿಯರು ಅಂದೇ ಒಂದು ಕಟ್ಟುಪಾಡು ಹಾಕಿದರು. ಪಾಲು ಒಡೆಯಬೇಕೆನ್ನುವವರು ಅರ್ಧಕ್ಕೆ ಬೆಲೆ ಹೇಳಬೇಕು. ಆ ಬೆಲೆಗೆ ತಮ್ಮ ಅರ್ಧವನ್ನು ಕೊಡುವುದೋ, ಅದೇ ಬೆಲೆಗೆ ಬೆಲೆ ಹೇಳಿದವರ ಅರ್ಧವನ್ನು ಕೊಳ್ಳುವುದೋ, ಅದು ಇನ್ನೊಬ್ಬರ ಇಷ್ಟ. ವರ್ತಕ ಅರ್ಧಂಬರ್ಧ ಕೇಳಿ ತಲೆಯಾಡಿಸಿದ. ಹೆಂಗಸು ಮತ್ತೊಮ್ಮೆ ಹೇಳಿಸಿಕೊಂಡು ಒಪ್ಪಿದಳು.

ಅವಳು ಬೇರೆ ಸೀಮೆಯಿಂದ ಬಂದವಳು. ಗಂಡ ಇರಲಿಲ್ಲ. ರೊಟ್ಟಿ ಬಡಿದು ಗಳಿಸಿದ್ದೆಲ್ಲ ಆ ಅರ್ಧಕ್ಕೇ ಹೋಗಿತ್ತು. ಆ ಊರಿನಲ್ಲಿ ನನ್ನದು ಎನ್ನಲು ಅವಳಿಗೆ ಇದ್ದದ್ದು ಅದೊಂದೇ. ಸೂರು ಸೋರಿದರೆ ಅವಳೇ ಮುಂದೆ ನಿಂತು ಹೆಂಚು ಹೊದಿಸುತ್ತಿದ್ದಳು. ಮಳಿಗೆಯೊಂದರಲ್ಲಿ ಬಾಡಿಗೆಗಿದ್ದ ಬಳೆಗಾರನ ವ್ಯಾಪಾರ ಬಿದ್ದ ವರ್ಷ ತನ್ನ ಪಾಲಿನ ಬಾಡಿಗೆಯನ್ನು ಬಿಟ್ಟುಕೊಟ್ಟಳು. ವರ್ತಕ ಬಾಡಿಗೆಯ ದಿನ ಮಾತ್ರ ಮುಖ ತೋರಿಸುತ್ತಿದ್ದ.

ಹೊಸ ರಸ್ತೆಯೊಂದು ಆ ಬೀದಿಗೇ ಬಂದು ಸೇರುತ್ತದೆಂಬ ಸುದ್ದಿ ವರ್ತಕನ ಕಿವಿಗೆ ಮೊದಲು ಬಿತ್ತು. ಅವನು ಹಿರಿಯರನ್ನು ಕೂಡಿಸಿದ. ನಿಜವಾದ ಬೆಲೆಯ ಕಾಲು ಭಾಗವೂ ಆಗದ ಬೆಲೆ ಹೇಳಿದ.

"ಇಷ್ಟು ಕಡಿಮೀನ ಅಣ್ಣಾ?" ಎಂದಳು ಅವಳು.

"ಹಳೇ ಗ್ವಾಡಿಗೆ ಇದ ಹೆಚ್ಚಾತು ಅಕ್ಕಾ. ಕೊಡಾಕ ಮನಸಿಲ್ಲಂದ್ರ ನೀನ ಕೊಂಡ್ಕೊ. ಹಿಟ್ಟಿನ ಡಬ್ಯಾಗ ಕೈ ಆಡಿಸಿ ನೋಡು!"

ಕೂಡಿದ್ದವರು ನಕ್ಕರು. ಅವಳು ಮುಂದಿನ ಸಂತೆಯವರೆಗೆ ಗಡುವು ಕೇಳಿಕೊಂಡು ಮನೆಗೆ ಬಂದಳು.

ಕೊಟ್ಟರೆ ಕಾಲಿಡಲು ನೆಲವಿಲ್ಲ. ಕೊಳ್ಳೋಣವೆಂದರೆ ಕೈ ಬರಿದು. ವರ್ತಕ ಸರಿಯಾದ ಬೆಲೆ ಹೇಳಿದ್ದರೆ ಅವಳು ಕಣ್ಣೊರೆಸಿಕೊಂಡು ಒಪ್ಪಲೇಬೇಕಿತ್ತು. ಆದರೆ ಅವನು ಬೆಲೆಯನ್ನು ಎಷ್ಟು ಕೆಳಕ್ಕೆ ಇಳಿಸಿದ್ದನೆಂದರೆ, ಅವಳೊಬ್ಬಳ ಕೈಗೆ ಎಟುಕದಿದ್ದರೂ ನಾಲ್ಕು ಜನರ ಕೈಗೆ ಎಟುಕುವಂತಿತ್ತು. ಅದು ಹೊಳೆದದ್ದೇ ಅವಳು ಎದ್ದು ಒಲೆ ಹಚ್ಚಿದಳು.

ಬಾಡಿಗೆಯವರನ್ನೆಲ್ಲ ಊಟಕ್ಕೆ ಕರೆದಳು. ಬಡಿಸುತ್ತಲೇ ಹೇಳಿದಳು: "ನನಗ ಸಾಲ ಬ್ಯಾಡ. ಸಾವಕಾರರ ಅರ್ಧ ನೀವು ಕೂಡಿ ತಗೊಳ್ರಿ. ನನಗ ನನ್ನ ಅರ್ಧ ಸಾಕು."

ಇಬ್ಬರಲ್ಲಿ ಯಾರ ಜೊತೆ ಬಾಳಬಹುದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಳೆಗಾರ ಹೆಂಡತಿಯ ಸರ ತಂದ. ಕಂಚುಗಾರ ಅಟ್ಟದ ಮೇಲಿನ ಹಂಡೆಗಳನ್ನೆಲ್ಲ ಮಾರಿದ. ದರ್ಜಿ ಮಗಳ ಮದುವೆಗೆಂದು ಕಟ್ಟಿಟ್ಟ ಗಂಟನ್ನು ಬಿಚ್ಚಿದ.

ಸಂತೆಯ ದಿನ ಅವಳು ಬೀದಿಯ ನಟ್ಟನಡುವೆ ನಡೆದು ಬಂದಳು. ಹಿಂದೆ ಬಾಡಿಗೆಯವರೆಲ್ಲ ಇದ್ದರು. ಗಂಟನ್ನು ಹಿರಿಯರ ಮುಂದಿಟ್ಟು, "ನಾ ಕೊಡೂದಿಲ್ಲ, ಕೊಳ್ತೀನಿ" ಎಂದಳು.

ವರ್ತಕನ ಮುಖ ಕಪ್ಪಿಟ್ಟಿತು. "ಆ ಬೆಲೆಗೆ ಹ್ಯಾಂಗ ಕೊಡ್ಲಿ? ಅದು ನಾಕು ಪಟ್ಟು ಬಾಳ್ತದ!" ಎಂದು ಕೂಗಿದ.

"ಹಳೇ ಗ್ವಾಡಿ ಅಂದಿದ್ರಲ್ಲ, ಸಾವಕಾರ್ರ!" ಎಂದ ಹಿರಿಯರಲ್ಲೊಬ್ಬ.

ಸಂತೆಗೆ ಸಂತೆಯೇ ನಕ್ಕಿತು. ಆ ಹೊತ್ತು ಖಾನಾವಳಿಯಲ್ಲಿ ಹೋಳಿಗೆ ಊಟ. ಯಾರ ಕೈಯಿಂದಲೂ ಅವಳು ಕಾಸು ಮುಟ್ಟಲಿಲ್ಲ. ವರ್ಷ ತಿರುಗುವುದರೊಳಗೆ ರಸ್ತೆ ಬಂತು. ಆ ಮಳಿಗೆಗಳ ಮುಂದೆ ಗಾಡಿ ನಿಲ್ಲಿಸಲು ಜಾಗ ಸಾಲದಾಯಿತು.

ಶಿಷ್ಯನಿಗೂ ನಗು ಬಂತು. "ಎಂಥ ಆಸೆಬುರುಕ! ನಾನು ಅತ್ತಿಗೆಗೆ ಹೇಳಬೇಕೆಂದಿರುವ ಬೆಲೆ ಹಾಗಲ್ಲ ಗುರುಗಳೇ, ನ್ಯಾಯವಾದದ್ದೇ" ಎಂದ.

ಗುರು ಹೇಳಿದರು: "ಹಾಗಾದರೆ ಅದೇ ಬೆಲೆಗೆ ನಿನ್ನ ಪಾಲನ್ನು ಅವಳಿಗೆ ಕೊಟ್ಟುಬಿಡು."