ಕೊಂಡಿ ಹಾಕುವವಳ ದಾರಿ

“ಗುರುಗಳೇ, ಕೈಲಾಗದವರಿಗೆ ನಾವು ದಯೆಯಿಂದ ಕೈ ಚಾಚುತ್ತೇವೆ. ಕೆಲವರು ಅದನ್ನು ತಳ್ಳಿಬಿಡುತ್ತಾರೆ. ಅದು ಅಹಂಕಾರವಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಹಳೆಯ ಮಗ್ಗದ ಮನೆಯೊಂದಿತ್ತು. ನೂಲಿಗೆ ತೇವ ತಾಗಬಾರದೆಂದು ಹಿರಿಯರು ಅದನ್ನು ಎತ್ತರದ ಕಟ್ಟೆಯ ಮೇಲೆ ಕಟ್ಟಿದ್ದರು. ಎದುರು ಬಾಗಿಲಿಗೆ ಒಂಬತ್ತು ಕಲ್ಲಿನ ಮೆಟ್ಟಿಲು. ನೇಕಾರರು ಆ ಬಾಗಿಲಿನಿಂದಲೇ ಒಳಗೆ ಬಂದು, ಮಗ್ಗಕ್ಕೆ ಕೈಮುಗಿದು, ಕೆಲಸಕ್ಕೆ ಕೂರಬೇಕು. ಅದು ಅಲ್ಲಿನ ನಿಯಮ. ಹಿತ್ತಿಲ ಬಾಗಿಲು ಇದ್ದುದು ನೂಲಿಗೆ ಹಚ್ಚಿ ಉಳಿದ ಗಂಜಿಯನ್ನು ಹೊರಗೆ ಚೆಲ್ಲುವುದಕ್ಕೆ.

ಮಗ್ಗಗಳು ಹತ್ತು. ಕೊಂಡಿ ಹಾಕುವವಳು ಒಬ್ಬಳು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೂಡಿಸುವುದು ಅವಳ ಕೆಲಸ. ಸೀರೆ ಸವೆದು ಹರಿದರೂ ಅವಳು ಕೂಡಿಸಿದ ಎಳೆ ಬಿಡುತ್ತಿರಲಿಲ್ಲ.

ಒಂದು ದಿನ ಅವಳು ಬಿದ್ದು ಬಲಗಾಲು ಮುರಿದುಕೊಂಡಳು. ಮೂಳೆ ನೆಟ್ಟಗೆ ಕೂಡಲಿಲ್ಲ. ಊರುಗೋಲು ಹಿಡಿದು ನಡೆಯಬಲ್ಲವಳಾದಳು, ಮೆಟ್ಟಿಲು ಹತ್ತಲಾರದವಳಾದಳು.

ಮಗ್ಗದ ಮನೆಯ ಯಜಮಾನ ಕೆಟ್ಟವನಲ್ಲ. ದಿನವೂ ಅವಳನ್ನು ಹೊತ್ತು ತರಲು ಗಟ್ಟಿಮುಟ್ಟಾದ ಇಬ್ಬರನ್ನು ಗೊತ್ತುಮಾಡಿದ.

“ಬಟ್ಟೆಯ ಗಂಟನ್ನು ಹೊತ್ತು ತರುತ್ತಾರೆ. ನಾನು ಗಂಟಲ್ಲ” ಎಂದಳು ಅವಳು.

“ಅಕ್ಕ, ನಿನ್ನ ಕಾಲು ಮುರಿಯಿತು. ನಾಲಗೆಗೆ ಏನೂ ಆದಂತಿಲ್ಲ.”

“ಕೈಗೂ ಏನೂ ಆಗಿಲ್ಲ, ಯಜಮಾನರೇ.”

ಯಜಮಾನ ಹಿತ್ತಿಲಿನಲ್ಲಿ ಒಂದು ಇಳಿಜಾರು ಕಟ್ಟಿಸಿದ. ಅವಳು ಬಂದಳು, ಗಂಜಿ ನೀರು ಹರಿಯುತ್ತಿದ್ದ ಆ ದಾರಿಯನ್ನು ನೋಡಿದಳು, ಮನೆಗೆ ಹಿಂದಿರುಗಿದಳು. ಅವಳು ನೆರವನ್ನು ಬೇಡಿರಲಿಲ್ಲ. ಮೂವತ್ತು ವರ್ಷ ಕುಳಿತ ತನ್ನ ಜಾಗವನ್ನು ಕೇಳಿದ್ದಳು. ಅದು ಕೈತಪ್ಪಿದರೆ ಅವಳಿಗೆ ಬೇರೆ ಬದುಕು ತಿಳಿಯದು.

ಇತ್ತ ಒಡಲು ನೇಯ್ದು ಮುಗಿದ ಮಗ್ಗಗಳು ಸೆರಗಿಗಾಗಿ ಕಾದು ನಿಂತವು. ಬೇರೆಯವರು ಕೊಂಡಿ ಹಾಕಿ ನೋಡಿದರು. ಒಮ್ಮೆ ಜಗ್ಗಿದರೆ ಬಿಟ್ಟುಕೊಳ್ಳುತ್ತಿತ್ತು. ತಿಂಗಳು ಕಳೆಯಿತು. ಯಜಮಾನ ತಾನೇ ಅವಳ ಮನೆಗೆ ಹೋದ.

“ನಿನಗೆ ಎಂಥ ದಾರಿ ಬೇಕು?”

“ಉಳಿದವರು ಬರುವ ದಾರಿ.”

“ಆ ಮೆಟ್ಟಿಲನ್ನು ನನ್ನ ಅಜ್ಜ ನಿಂತು ಕೆತ್ತಿಸಿದ್ದು. ಅದಕ್ಕೆ ನಾನು ಉಳಿ ತಾಗಿಸಲಾರೆ.”

“ನಿಮ್ಮ ಅಜ್ಜ ಕಟ್ಟಲು ಹೊರಟಿದ್ದು ಮಗ್ಗದ ಮನೆಯನ್ನು. ಇಂದು ಅಲ್ಲಿ ಮೆಟ್ಟಿಲೊಂದೇ ನೆಟ್ಟಗಿದೆ.”

ಯಜಮಾನ ಎದ್ದು ಬಂದ. ನಾಲ್ಕನೆಯ ದಿನ ಕಲ್ಲುಕುಟಿಗರನ್ನು ಕರೆಸಿದ. ಒಂಬತ್ತು ಮೆಟ್ಟಿಲನ್ನೂ ಕೀಳಿಸಿ, ಅದೇ ಕಲ್ಲನ್ನು ಹಾಸಿ, ಬೀದಿಯಿಂದ ಎದುರು ಬಾಗಿಲವರೆಗೆ ಉದ್ದನೆಯ, ಸಣ್ಣ ಏರಿನ ದಾರಿಯನ್ನು ಮಾಡಿಸಿದ. ನೆಲದ ಮೇಲೆ ಕುಳಿತು ಮಾಡುತ್ತಿದ್ದ ಕೊಂಡಿಯ ಕೆಲಸಕ್ಕೆ ಎತ್ತರದ ಮಣೆ ಹಾಕಿಸಿದ.

ಮರುದಿನ ಅವಳು ಊರುಗೋಲು ಊರುತ್ತಾ ಆ ದಾರಿಯಲ್ಲಿ ಏರಿದಳು. ಯಾರೂ ಕೈ ಹಿಡಿಯಲಿಲ್ಲ. ಹಿಡಿಯುವ ಅಗತ್ಯ ಬೀಳಲಿಲ್ಲ. ಮಗ್ಗಕ್ಕೆ ಕೈಮುಗಿದು ಕುಳಿತಳು. ಸಂಜೆಯೊಳಗೆ ಎರಡು ಮಗ್ಗಗಳಿಗೆ ಸೆರಗು ಕೂಡಿತು.

ಅವಳ ಹಿಂದೆ ನೂಲಿನ ಹೊರೆ ಹೊತ್ತವನು ಅದೇ ದಾರಿಯಲ್ಲಿ ಬಂದ. ತುಂಬಿದ ಬಸುರಿಯೊಬ್ಬಳು ಬಂದಳು. ಕಣ್ಣು ಮಂಜಾಗಿದ್ದ ಮುದುಕ ನೇಕಾರ, ಮೆಟ್ಟಿಲಿಗೆ ಹೆದರಿ ಬಿಟ್ಟಿದ್ದ ಮಗ್ಗಕ್ಕೆ ಮರಳಿ ಬಂದ. ಮಂಡಿನೋವನ್ನು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ಯಜಮಾನನೂ ಬಂದ.

ವರ್ಷ ಕಳೆದ ಮೇಲೆ ಪರವೂರಿನ ವರ್ತಕನೊಬ್ಬ ಆ ದಾರಿಯನ್ನು ಕಂಡು, “ಇದನ್ನು ಯಾರಿಗಾಗಿ ಮಾಡಿಸಿದಿರಿ?” ಎಂದು ಕೇಳಿದ.

ಯಜಮಾನ ತಲೆಯೆತ್ತಿ, “ಕೆಲಸ ಬಲ್ಲವರಿಗಾಗಿ” ಎಂದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

“ಅಂತೂ ಆ ಯಜಮಾನನ ದಯೆಯಿಂದ ಅವಳಿಗೆ ಒಳಿತಾಯಿತು” ಎಂದ ಶಿಷ್ಯ.

“ಅವಳ ಕಾಲು ಕೊನೆಯವರೆಗೂ ಹಾಗೆಯೇ ಇತ್ತು, ಮಗು, ವಾಸಿಯಾದದ್ದು ಆ ಮನೆ” ಎಂದರು ಗುರುಗಳು.